ಟೈಮಿಂಗ್ ಬೆಲ್ಟ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಮತ್ತು ಬಿಲ್ಲು

ಕಾರಿನ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸರಳವೆಂದು ಭಾಸವಾದರೂ, ಅದರ ಒಡಲಲ್ಲಿ ಹುದುಗಿರುವ ಬಹುಸ್ತರೀಯ ತಾತ್ವಿಕ ಬಿಕ್ಕಟ್ಟುಗಳನ್ನು ವರ್ತಮಾನದ ಬೆಳಕಿನಲ್ಲಿ ಮರುಚಿಂತನೆಗೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಬೆಲ್ಟು ಕೇವಲ ರಬ್ಬರಿನ ವಸ್ತುವಲ್ಲ, ಅದೊಂದು ಸಂಕಥನ. ಕೆಳಗೆ ದುಡಿಯುವ ಕ್ರ್ಯಾಂಕ್‌ಶಾಫ್ಟಿಗೂ ಮೇಲೆ ಕುಳಿತ ಕ್ಯಾಮ್‌ಶಾಫ್ಟಿಗೂ ನಡುವೆ ನಿರಂತರ ಅನುಸಂಧಾನ ನಡೆಸುವ ಅಂಚಿನ ಅಸ್ಮಿತೆ. ಕೆಳಗಿನದು ಎರಡು ಸುತ್ತು ಸುತ್ತಿದಾಗ ಮೇಲಿನದು ಒಂದೇ ಸುತ್ತು ತಿರುಗುತ್ತದೆಂಬ ಸಂಗತಿಯೊಂದೇ ಯಾಜಮಾನ್ಯದ ರಾಜಕಾರಣವನ್ನು ಬಯಲಿಗೆಳೆಯಲು ಸಾಕು. ಅಧ್ಯಯನದ ವ್ಯಾಪ್ತಿ: ಬಾನೆಟ್ಟಿನ ಅಡಿ. ಪರಿಮಿತಿ: ಹತ್ತನೇ ನಂಬರಿನ ಸ್ಪ್ಯಾನರ್. ಯುಗವಿಭಜನೆಯಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲವಾದ್ದರಿಂದ ಅದನ್ನೂ ಇಲ್ಲಿಯೇ ಮುಗಿಸೋಣ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಬ್ಬಿಣದ ಚೈನಿನ ಕಾಲ ನವೋದಯ. 1983ರ ಡಿಸೆಂಬರಿನಲ್ಲಿ ಮಾರುತಿ 800 ತನ್ನ ಹಲ್ಲಿನ ಬೆಲ್ಟಿನೊಡನೆ ರಸ್ತೆಗಿಳಿದದ್ದೇ ನವ್ಯ. ಇಂಜಿನ್ ಆಯಿಲಿನಲ್ಲಿ ಮುಳುಗಿಕೊಂಡೇ ತಿರುಗುವ ಇತ್ತೀಚಿನ ಬೆಲ್ಟುಗಳು ನವ್ಯೋತ್ತರ. ಎಲ್ಲ ಯುಗವಿಭಜನೆಗಳಂತೆ ಇದರ ಮೂಲವೂ ಬೇರೆ ಕಡೆ ಇದೆ: 1960ರ ದಶಕದ ಆರಂಭದಲ್ಲಿ ಬವೇರಿಯಾದ ಗ್ಲಾಸ್ ಕಂಪನಿಯು ತನ್ನ 1004 ಎಂಬ ಪುಟ್ಟ ಕಾರಿಗೆ ಚೈನಿನ ಬದಲು ಹಲ್ಲಿನ ಬೆಲ್ಟ್ ಹಾಕಿತು. ನಮ್ಮಲ್ಲಿ ನವ್ಯ ಯಾವಾಗಲೂ ಇಪ್ಪತ್ತು ವರ್ಷ ತಡ.

ಈಗ ಜ್ಞಾನಮೀಮಾಂಸೆಗೆ ಬರೋಣ. ಬೆಲ್ಟು ಸವೆದಿದೆ ಎಂಬ ಅರಿವು ಯಾವ ಪ್ರಮಾಣದಿಂದ ಹುಟ್ಟುತ್ತದೆ? ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕನ್ನು ಒಪ್ಪುತ್ತಾರೆ, ಭಾಟ್ಟ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರು ಮಾಡುತ್ತಾರೆ. ಆರನ್ನೂ ಕ್ರಮವಾಗಿ ಪರಿಶೀಲಿಸಲಾಗುವುದು. ಮೊದಲನೆಯದು ಪ್ರತ್ಯಕ್ಷ. ಬಹುಪಾಲು ಕಾರು ಮಾಲೀಕರು, ಕೆಲವು ಮೆಕ್ಯಾನಿಕ್‌ಗಳು ಕೂಡ, ಈ ಪಂಥಕ್ಕೆ ಸೇರಿದವರು: ಕವರ್ ಬಿಚ್ಚಿ ನೋಡೋಣ, ಬಿರುಕಿದ್ದರೆ ಬದಲಿಸೋಣ, ಇಲ್ಲದಿದ್ದರೆ ಹಾಗೇ ಮುಚ್ಚೋಣ. ಹಳೆಯ ನಿಯೋಪ್ರೀನ್ ಬೆಲ್ಟುಗಳ ಕಾಲದಲ್ಲಿ ಈ ವಾದಕ್ಕೆ ಒಂದಿಷ್ಟು ಆಧಾರವಿತ್ತು, ಏಕೆಂದರೆ ಅವು ಸಾಯುವ ಮುಂಚೆ ಬೆನ್ನಿನ ಮೇಲೆ ಬಿರುಕು ತೋರಿಸುತ್ತಿದ್ದವು. ಈಗಿನ ಹೈಡ್ರೋಜನೇಟೆಡ್ ನೈಟ್ರೈಲ್ ರಬ್ಬರಿನ ಬೆಲ್ಟಿಗೆ ಆ ಸೌಜನ್ಯವಿಲ್ಲ. ಅದರ ಎಳೆತವನ್ನು ಹೊರುವುದು ರಬ್ಬರಲ್ಲ, ಒಳಗೆ ಹೂತಿರುವ ಗಾಜಿನ ನಾರಿನ ಹುರಿಗಳು. ಹಲ್ಲುಗಳ ಮೈಗೆ ನೈಲಾನ್ ಬಟ್ಟೆಯ ಹೊದಿಕೆ. ಹುರಿ ಒಳಗೊಳಗೇ ದಣಿಯುತ್ತಿರುವಾಗ ಹೊರಮೈ ಹೊಸದರಂತೆಯೇ ಕಪ್ಪಗೆ, ನುಣ್ಣಗೆ ಉಳಿದಿರಬಹುದು. ಬಿರುಕು, ಕಿತ್ತುಬಂದ ಎಳೆ, ಅಂಚಿನ ಸವೆತ ಅಥವಾ ಸೀಲಿನಿಂದ ಸೋರಿದ ಆಯಿಲ್ ಕಂಡರೆ ಅದೇ ದಿನ ಬದಲಿಸಬೇಕು ಎಂಬುದು ನಿಜ. ಆದರೆ ಏನೂ ಕಾಣಲಿಲ್ಲ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಪ್ರತ್ಯಕ್ಷಕ್ಕೆ ಇಲ್ಲಿ ದೋಷವನ್ನು ಸಾಬೀತುಮಾಡುವ ಶಕ್ತಿಯಿದೆ, ನಿರ್ದೋಷವನ್ನು ಸಾಬೀತುಮಾಡುವ ಶಕ್ತಿಯಿಲ್ಲ. ಟಾರ್ಚ್ ಹಿಡಿದು ಬಗ್ಗಿ, ಬೆರಳಿನಿಂದ ಒತ್ತಿ, 'ಇನ್ನೂ ಹತ್ತು ಸಾವಿರ ಆರಾಮಾಗಿ ಓಡುತ್ತೆ ಸಾರ್' ಎನ್ನುವುದು ಪರೀಕ್ಷೆಯಲ್ಲ, ಕಣಿ.

ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ನೈಯಾಯಿಕ ಊಹಿಸುತ್ತಾನಷ್ಟೆ. ಅನುಮಾನವಾದಿ ಕಾರು ಮಾಲೀಕ ಅದೇ ರೀತಿ ಹೊಗೆಗಾಗಿ ಕಾಯುತ್ತಾನೆ: ಬೆಲ್ಟ್ ಹೋಗುವ ಮುಂಚೆ ಕಿರಗುಟ್ಟುತ್ತದೆ, ಇಂಜಿನ್ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಹೊತ್ತಿಕೊಳ್ಳುತ್ತದೆ ಎಂದು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರನೆ ಕಿರುಚುವುದು ಸಾಮಾನ್ಯವಾಗಿ ಹೊರಗಿನ ಫ್ಯಾನ್ ಬೆಲ್ಟು, ಆಲ್ಟರ್ನೇಟರ್ ತಿರುಗಿಸುವಂಥದ್ದು. ಟೆನ್ಷನರಿನ ಬೇರಿಂಗ್ ಹಾಳಾದರೆ ಗರಗರ ಸದ್ದು ಬಂದೀತು, ಬಾರದೆಯೂ ಇದ್ದೀತು. ಬೆಲ್ಟಿಗಂತೂ ಸದ್ದಿಲ್ಲದಿರುವುದೇ ಗುಣ. ಚೈನಿನ ಜಾಗಕ್ಕೆ ಅದನ್ನು ತಂದದ್ದಕ್ಕೆ ಅದೂ ಒಂದು ಕಾರಣ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತಿರುತ್ತದೆ. ಆ ಗಳಿಗೆಯಲ್ಲಿ ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದಂತೆಯೇ ಉಳಿಯುತ್ತವೆ, ವೇಗದಲ್ಲಿರುವ ಪಿಸ್ಟನ್ ಮಾತ್ರ ಮೇಲೆ ಬಂದೇ ಬರುತ್ತದೆ. ಎರಡಕ್ಕೂ ಒಂದೇ ಜಾಗ ಬೇಕಾಗುವಂಥ ಇಂಜಿನ್ನುಗಳಲ್ಲಿ ವಾಲ್ವ್ ಬೆಂಡಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನಿಗೂ ಪೆಟ್ಟು. ಡೀಸೆಲ್ ಇಂಜಿನ್ನುಗಳು ಹೆಚ್ಚುಕಡಿಮೆ ಎಲ್ಲವೂ ಈ ಜಾತಿಯವೇ. ಹೆಡ್ ಇಳಿಸದೆ ಬೇರೆ ದಾರಿಯಿಲ್ಲ. ಇಲ್ಲಿ ಹೊಗೆ ಕಾಣಿಸುವ ಹೊತ್ತಿಗೆ ಬೆಟ್ಟವೇ ಇರುವುದಿಲ್ಲ.

ಉಪಮಾನವೆಂದರೆ ಪಕ್ಕದ ಮನೆಯವರ ಕಾರು ಒಂದೂವರೆ ಲಕ್ಷ ಕಿಲೋಮೀಟರ್ ಅದೇ ಬೆಲ್ಟಿನಲ್ಲಿ ಓಡಿತು ಎಂಬುದು. ಬೆಲ್ಟ್ ತುಂಡಾದವನು ಆ ಮಾತನ್ನು ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗುವುದಿಲ್ಲವಾದ್ದರಿಂದ ನಮ್ಮ ಕಿವಿಗೆ ಬೀಳುವುದೆಲ್ಲ ಬದುಕುಳಿದ ಬೆಲ್ಟುಗಳ ಚರಿತ್ರೆ. ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಬಿಡೋಣ. ಆರು ಎಂದು ಮೊದಲೇ ಹೇಳಿದ್ದು ಪ್ರಬಂಧ ದಪ್ಪಗಾಗಲಿ ಎಂದಷ್ಟೆ.

ಉಳಿಯುವುದು ಶಬ್ದಪ್ರಮಾಣ, ಅರ್ಥಾತ್ ಆಪ್ತವಾಕ್ಯ. ಇಂಜಿನ್ ಮಾಡಿದವರು ಅಚ್ಚುಹಾಕಿಸಿದ ಮೆಂಟೆನೆನ್ಸ್ ಪಟ್ಟಿ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು. ಇಂಜಿನ್ನಿನಿಂದ ಇಂಜಿನ್ನಿಗೆ ಈ ಅಂಕಿ ಬದಲಾಗುತ್ತದೆ. ಕೆಲವಕ್ಕೆ 60,000 ಕಿ.ಮೀ., ಕೆಲವಕ್ಕೆ ಒಂದು ಲಕ್ಷದ ಮೇಲೆ. ಆದ್ದರಿಂದ ಊರಿಗೆಲ್ಲ ಒಂದೇ ಅಂಕಿ ಹೇಳುವ ಪಂಡಿತರನ್ನು ನಂಬಬಾರದು. ಈ ವಾಕ್ಯದ ವರ್ಷದ ಭಾಗವನ್ನು ಓದುಗರು ಹಾರಿಸಿಬಿಡುತ್ತಾರೆ. ಅಮೆರಿಕದಲ್ಲಿರುವ ಮಗ ಬಂದಾಗ ಮಾತ್ರ ಹೊರಗೆ ತೆಗೆಯುವ, ಉಳಿದಂತೆ ಕವರ್ ಹೊದ್ದು ಶೆಡ್ಡಿನಲ್ಲಿ ನಿಂತಿರುವ ಕಾರಿನ ಬೆಲ್ಟು 'ಬರೀ 28,000 ಓಡಿದೆ' ಎಂಬ ಹೆಮ್ಮೆಯ ಕೆಳಗೆ ಮುದಿಯಾಗುತ್ತಿರುತ್ತದೆ. ರಬ್ಬರಿಗೆ ಓಡಿದರೂ ವಯಸ್ಸು, ನಿಂತರೂ ವಯಸ್ಸು. ಕಿಲೋಮೀಟರ್ ಭಾಗವೂ ಪೂರ್ತಿ ಸತ್ಯ ಹೇಳುವುದಿಲ್ಲ. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಎಸಿ ಹಾಕಿಕೊಂಡು ಒಂದು ಗಂಟೆ ನಿಂತ ಕಾರಿನ ಇಂಜಿನ್ ನಿಮಿಷಕ್ಕೆ 800ರ ಲೆಕ್ಕದಲ್ಲಿ 48,000 ಸುತ್ತು ತಿರುಗಿರುತ್ತದೆ. ಹೆದ್ದಾರಿಯಲ್ಲಿ 2,000 ಸುತ್ತಿಗೆ ಗಂಟೆಗೆ 60 ಕಿ.ಮೀ. ಹೋಗುವ ಕಾರು ಅಷ್ಟೇ ಸುತ್ತಿಗೆ 24 ಕಿ.ಮೀ. ಸಾಗಿರುತ್ತಿತ್ತು. ಮೀಟರಿನಲ್ಲಿ ಬಿದ್ದದ್ದು ಸೊನ್ನೆ, ಬೆಲ್ಟಿಗೆ ಬಿದ್ದದ್ದು 24, ಅದರ ಜೊತೆಗೆ ಗಾಳಿಯಾಡದ ಬಾನೆಟ್ಟಿನ ಕಾವು. ದಿನವೂ ಹೀಗೆ ನಿಲ್ಲುವ ಕಾರಿನವರು ಪಟ್ಟಿಯ ಅಂಕಿಗಿಂತ ಮುಂಚೆಯೇ ಬದಲಿಸಬೇಕು. ಪ್ರಬಂಧದ ಸಿದ್ಧಾಂತ ಇಷ್ಟೇ: ಬೆಲ್ಟು ಸುಳಿವು ಕೊಡುವುದಿಲ್ಲ, ಆದ್ದರಿಂದ ಸುಳಿವಿಗೆ ಕಾಯಬಾರದು, ತಾರೀಕು ನೋಡಿ ಬದಲಿಸಬೇಕು. ಇದನ್ನು ಯಾವ ಗ್ಯಾರೇಜಿನ ಹುಡುಗನೂ ಒಂದೇ ಉಸಿರಿನಲ್ಲಿ ಹೇಳಿಯಾನು, ಆದರೆ ಅವನಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

ಆಕ್ಷೇಪ ಬರುತ್ತದೆ: ಈ ಪಟ್ಟಿಗಳೆಲ್ಲ ದುಡ್ಡು ಕೀಳುವ ಹುನ್ನಾರ, ಕಂಪನಿಯವರು ಅವಧಿಯನ್ನು ಬೇಕೆಂದೇ ಕಡಿಮೆ ಬರೆಯುತ್ತಾರೆ. ಸರ್ವಿಸ್ ಬಿಲ್ಲು ನೋಡಿದವರಿಗೆ ಈ ಸಂಶಯ ಬರುವುದು ಸಹಜ, ಅದನ್ನು ತಳ್ಳಿಹಾಕುವುದು ಅಪ್ರಾಮಾಣಿಕತೆ. ಎಸಿಯ ಕ್ರಿಮಿನಾಶ, ಇಂಜಿನ್ನಿನ ಡ್ರೆಸ್ಸಿಂಗ್, ಯಾರೂ ಕೇಳದ ಕೋಟಿಂಗ್ ಎಲ್ಲವೂ ಬಿಲ್ಲಿನಲ್ಲಿರುತ್ತವೆ. ಆದರೆ ಅದೇ ಬಿಲ್ಲಿನಲ್ಲಿ 'ಮುಂದಿನ ವರ್ಷ ಟೈಮಿಂಗ್ ಬೆಲ್ಟ್' ಎಂಬ ಒಂದು ಸಾಲು ಇರುವುದು ಎಷ್ಟು ಅಪರೂಪ! ಹೊಳಪಿಗೆ ದುಡ್ಡು ಕೇಳುವ ಬಾಯಿ ಹುರಿಯ ವಿಷಯಕ್ಕೆ ಬಂದಾಗ ಬೀಗ ಹಾಕಿಕೊಳ್ಳುತ್ತದೆ. ಇನ್ನೊಂದು ಆಕ್ಷೇಪ: ಬೆಲ್ಟಿಗೆ ದುಡ್ಡು ಕೊಡೋಣ, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಎಂದು ಪಟ್ಟಿ ಬೆಳೆಸುವುದೇಕೆ? ಹಲವು ಇಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಭಾಗ ಅಗ್ಗ, ಬಿಚ್ಚುವ ಕೂಲಿ ದುಬಾರಿ. ಹಳೇ ಪಂಪಿನ ಬೇರಿಂಗ್ ಆರು ತಿಂಗಳಲ್ಲಿ ಜಾಮ್ ಆದರೆ ಹೊಸ ಬೆಲ್ಟನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಕಿಟ್ ಪೂರ್ತಿ ಹಾಕಿಸುವುದು ಜಿಪುಣತನವನ್ನು ಸರಿಯಾಗಿ ಅರಿತವರ ದಾರಿ. ಆದರೆ ತೆಗೆದ ಭಾಗಗಳನ್ನೆಲ್ಲ ಕೇಳಿ ನೋಡಿ. ಬಿಲ್ಲಿನಲ್ಲಿ ಬದಲಾದ ಟೆನ್ಷನರ್ ಇಂಜಿನ್ನಿನಲ್ಲೂ ಬದಲಾಗಿರಬೇಕಲ್ಲ.

ಇಲ್ಲಿಗೆ ಸಂಕಥನ, ಅಸ್ಮಿತೆಗಳ ತಮಾಷೆ ಸಾಕು, ಏಕೆಂದರೆ ಇದರ ಬೆಲೆ ತೆರುವವನು ತಮಾಷೆಯ ಪಾತ್ರವಲ್ಲ. ಸೆಕೆಂಡ್‌ಹ್ಯಾಂಡ್ ಡೀಸೆಲ್ ಕಾರನ್ನು ಸಾಲದ ಮೇಲೆ ಕೊಂಡು ಟ್ಯಾಕ್ಸಿ ಓಡಿಸುವವನಿಗೆ ಮೀಟರ್ ಹಿಂದಕ್ಕೆ ತಿರುಗಿಸಿ ಮಾರಿದವನು ಬೆಲ್ಟಿನ ಮಾತೆತ್ತಿರುವುದಿಲ್ಲ. ಕಾರಿನ ಜೊತೆ ಬರುವ ದಪ್ಪ ಪುಸ್ತಕ ಇಂಗ್ಲಿಷಿನಲ್ಲಿ, ಬೇಕಾದ ಸಾಲು ಅದರ ಕೊನೆಯ ಪುಟಗಳ ಸಣ್ಣಕ್ಷರದ ಕೋಷ್ಟಕದಲ್ಲಿ. ಹಿರಿಯೂರಿನ ಹತ್ತಿರವೋ ಶಿರಾಡಿ ಘಾಟಿಯ ತಿರುವಿನಲ್ಲೋ ಇಂಜಿನ್ ಒಮ್ಮೆಲೇ ಆರಿದಾಗ, ಟೋ ಮಾಡಿಸಿಕೊಂಡು ಹೋದ ಮೇಲೆ, ಅವನಿಗೆ ಮೊದಲ ಬಾರಿ ಈ ಬೆಲ್ಟಿನ ಹೆಸರು ಗೊತ್ತಾಗುತ್ತದೆ. ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಕೂತು ಬರೆದ ಭಾಷೆಯಿದು. ಅವರಿಗೆ ಅದಕ್ಕೆ ಬಡ್ತಿ ಸಿಗಬೇಕಾಗಿರಲಿಲ್ಲ. ಇಂದು ಅದೇ ಭಾಷೆಯ ವಿಚಾರಸಂಕಿರಣಗಳಲ್ಲಿ ಆಯಾಮ, ಪರಿಪ್ರೇಕ್ಷ್ಯ, ಮುಖಾಮುಖಿಗಳಿಗೆ ಕೊರತೆಯಿಲ್ಲ. ಬಿಲ್ಲು ಕಟ್ಟುವವನಿಗೆ ಅರ್ಥವಾಗುವಂತೆ ಕ್ಯಾಮ್‌ಶಾಫ್ಟ್ ಎಂದರೇನು ಎಂದು ನಾಲ್ಕು ಪುಟ ಬರೆದಿಡುವ ಪ್ರಾಧ್ಯಾಪಕನಿಗೆ ಮಾತ್ರ ಒಂದು ಅಂಕವೂ ಸಿಗುವುದಿಲ್ಲ. ತಿಳಿದವರು ತಿಳಿಯದ ಹಾಗೆ ಬರೆಯುತ್ತಾರೆ, ತಿಳಿಸಬಲ್ಲ ಮೆಕ್ಯಾನಿಕ್ಕಿಗೆ ಬರೆಯಲು ಪುರುಸೊತ್ತಿಲ್ಲ. ನಡುವೆ ಬೀಳುವವನು ಕಂತು ಕಟ್ಟುವವನು.

ಕೊನೆಯ ಆಕ್ಷೇಪ ಚೈನಿನವರದು: ನಮ್ಮ ಇಂಜಿನ್ನಿಗೆ ಬೆಲ್ಟೇ ಇಲ್ಲ. ಸರಿ, ಮಾರುತಿಯ ಕೆ ಸರಣಿಯ ಇಂಜಿನ್ನುಗಳಿಗೂ ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ಲಿಗೂ ಚೈನೇ. ಅದೂ ಸವೆದು ಉದ್ದವಾಗುತ್ತದೆ, ಆಯಿಲ್ ಬದಲಿಸದವರಿಗೆ ಬೇಗ ಉದ್ದವಾಗುತ್ತದೆ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಎಂದು ಹೇಳಿಯಾದರೂ ಹೇಳುತ್ತದೆ. ಯಾವುದಿದೆ ಎಂದು ತಿಳಿಯದವರು ಕಾರಿನ ಮಾದರಿ, ವರ್ಷ, ಇಂಜಿನ್ ಮೂರನ್ನೂ ಹೇಳಿ ಕೇಳಬೇಕು. ಒಂದೇ ಹೆಸರಿನ ಕಾರಿನಲ್ಲಿ ಒಂದು ಇಂಜಿನ್ನಿಗೆ ಬೆಲ್ಟು, ಇನ್ನೊಂದಕ್ಕೆ ಚೈನು ಇರುವುದುಂಟು. ಹಳೇ ಕಾರು ಕೊಂಡವರಿಗೆ ಬೆಲ್ಟ್ ಬದಲಿಸಿದ ಬಿಲ್ಲು ಸಿಗದಿದ್ದರೆ, ಮಾರಿದವನು ದೇವರ ಆಣೆ ಇಟ್ಟರೂ, ಬದಲಿಸಿಲ್ಲ ಎಂದೇ ಹಿಡಿದು ಮೊದಲ ವಾರವೇ ಹಾಕಿಸುವುದು. ಹಾಕಿಸಿದ ದಿನ ತಾರೀಕನ್ನೂ ಮೀಟರಿನ ಅಂಕಿಯನ್ನೂ ಪೇಂಟ್ ಪೆನ್ನಿನಲ್ಲಿ ಕವರಿನ ಮೇಲೆ ಬರೆಸಿ. ಆ ಪ್ರಕಟಣೆಗೆ ಐಎಸ್‌ಎಸ್‌ಎನ್ ಸಂಖ್ಯೆ ಬೇಕಾಗಿಲ್ಲ.