ಸಮಜಾಯಿಷಿ

ನೌಕರನ ತಪ್ಪನ್ನು ನೌಕರನಿಗೆ ತಿಳಿಸಲು ನಮ್ಮ ಕಚೇರಿಗಳು ಕಂಡುಕೊಂಡಿರುವ ರಾಜಮಾರ್ಗವೆಂದರೆ, ಕೈಚಾಚಿದರೆ ಸಿಕ್ಕುವಷ್ಟು ಸಮೀಪದಲ್ಲಿ ಕುಳಿತಿರುವ ಗುಮಾಸ್ತನಿಗೆ ಜಾವಕ ನಂಬರು ಹಾಕಿಸಿದ ನೋಟೀಸೊಂದನ್ನು ಜವಾನನ ಕೈಯಲ್ಲಿ ಕಳುಹಿಸಿ, ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿಯನ್ನು ಅಪೇಕ್ಷಿಸುವುದು. ಬಾಗಲಕೋಟೆಯ ಒಂದು ಕಚೇರಿಯಲ್ಲಿ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಐಕ್ಯನಾದ ಬಸವಣ್ಣನ ಪಟದ ಕೆಳಗೇ ಈ ಕಾರ್ಯವು ಸಾಂಗವಾಗಿ ನೆರವೇರುವುದನ್ನು ಕಂಡಿದ್ದೇನೆ. ಗುಮಾಸ್ತನೂ ಸಾಮಾನ್ಯನಲ್ಲ, ‘ಕಣ್ತಪ್ಪಿನಿಂದ ಆಗಿರುತ್ತದೆ, ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ’ ಎಂಬ ಉತ್ತರವನ್ನು ಹಳೆಯ ಫೈಲಿನಿಂದ ನಕಲು ಮಾಡಿ, ಹಳೆಯ ತಾರೀಖನ್ನೂ ಅದರೊಡನೆಯೇ ನಕಲಿಸಿದನಾಗಿ, ಎರಡನೆಯ ನೋಟೀಸಿಗೆ ಪಾತ್ರನಾದನು.

ಬಾದಾಮಿಯ ಬಂಡೆಯ ಮೇಲೆ ಸುಮಾರು 1,300 ವರ್ಷಗಳ ಹಿಂದೆ ತ್ರಿಪದಿಗಳಲ್ಲಿ ಕೀರ್ತಿತನಾದ ಕಪ್ಪೆ ಅರಭಟ್ಟನು ಸಾಧುಗಳಿಗೆ ಸಾಧುವೂ ಪೀಡಿಸಿದವರಿಗೆ ಭಯಂಕರನೂ ಆಗಿದ್ದನಂತೆ. ಅಧಿಕಾರಿಗಳು ಆ ಗುಡ್ಡವನ್ನು ಹತ್ತಿ ಬಂದರೂ ಉತ್ತರಾರ್ಧವನ್ನು ಮಾತ್ರವೇ ಓದಿಕೊಂಡು ಇಳಿಯುತ್ತಾರೆಂದು ನನ್ನ ಗುಮಾನಿ.

ಇಳಕಲ್ಲಿನ ಸಾಹುಕಾರರೊಬ್ಬರ ಗಾದಿಯ ಮೇಲೆ ತಪ್ಪು ತಿಳಿಸುವ ಬೇರೊಂದು ಪದ್ಧತಿಯನ್ನು ಕಂಡೆ. ಇಳಕಲ್ ಸೀರೆಯೆಂದರೆ ಒಡಲಿನ ಉದ್ದೆಳೆಗಳ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆದುದರಿಂದ ಒಂದು ಸೀರೆಗೆ ಒಂದೇ ಹಾಸು, ಪ್ರತಿ ಸೀರೆಗೂ ಕೊಂಡಿಯ ಕೆಲಸ ಹೊಸದಾಗಿಯೇ ಆಗಬೇಕು. ಅಂದು ನೇಕಾರನು ತಂದ ಸೀರೆಯಲ್ಲಿ ಕೆಂಪು ಸೆರಗು, ಅದರ ಬಿಳಿಯ ತೆನೆಗಳು ಎಲ್ಲವೂ ಲಕ್ಷಣವಾಗಿದ್ದವು. ಆದರೆ ಬಟ್ಟೆಯ ಉದ್ದಕ್ಕೂ ಕೂದಲೆಳೆಯಂಥ ಗೆರೆಯೊಂದು ಓಡಿತ್ತು. ಸಾಹುಕಾರರು ಅವನ ಮುಖವನ್ನು ನೋಡಲಿಲ್ಲ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಗೆರೆಯ ಮೇಲೆ ಉಗುರಾಡಿಸಿ, “ತಮ್ಮಾ, ಈ ನೂಲು ಯಾಕ ಮುನಿಸ್ಕೊಂಡೈತೋ?” ಎಂದರು.

ನೂಲಿನ ಮೇಲೆ ಬಂದ ಆಪಾದನೆಯನ್ನು ಕೇಳಿ ನೇಕಾರನಿಗೆ ಧೈರ್ಯ ಬಂದಿತು. “ನೂಲಿಂದೇನಿಲ್ರೀ ಯಪ್ಪಾ, ಹಣಗಿ ಹಲ್ಲು ಮಣದೈತ್ರಿ. ಹೇಳಾಕ ಅಂಜಿದ್ದೆ” ಎಂದನು. ಮಗ್ಗದ ಹಣಿಗೆ ಬದಲಾಯಿತು. ಮಜೂರಿ ಮುರಿದುಕೊಂಡು ಗದರಿಸಿ ಕಳುಹಿಸಿದ್ದರೆ, ಹಾಸು ಎಷ್ಟೇ ಹೊಸದಾದರೂ ಆ ಗೆರೆಯು ಮುಂದಿನ ಸೀರೆಯಲ್ಲಿಯೂ ತಪ್ಪದೆ ಹಾಜರಾಗುತ್ತಿತ್ತು.

ಇಂಥ ಮಹಾನುಭಾವರನ್ನು ಮೆಚ್ಚುವ ಮಾತೊಂದನ್ನು ನಾನು ಹೊಂದಿಸುತ್ತಿದ್ದಂತೆಯೇ, ಲೆಕ್ಕ ಬರೆಯುತ್ತಿದ್ದ ಅವರ ಮಗನು ಕೂಡಿಸುವುದರಲ್ಲಿ ಹತ್ತು ರೂಪಾಯಿ ತಪ್ಪಿದನು. “ಏನ್ ಕಲ್ತಿಲೇ ಸಾಲ್ಯಾಗ, ಮಣ್ಣು?” ಎಂಬ ಗರ್ಜನೆಗೆ ಬೀದಿಯ ಮಗ್ಗಗಳ ಲಾಳಿಗಳೇ ಕ್ಷಣಕಾಲ ಸ್ತಬ್ಧವಾದವು. ಅಚ್ಚರಿಗೊಂಡ ನನ್ನನ್ನು ಕಂಡು ಸಾಹುಕಾರರು ತಂಬಾಕು ತಿಕ್ಕುತ್ತ, ಸಾವಧಾನವಾಗಿ ಸಮಜಾಯಿಷಿ ಕೊಟ್ಟರು: “ನೇಕಾರ ಸಿಟ್ಟಾದ್ರ ನಾಳೆ ಇನ್ನೊಬ್ಬ ಸಾವ್ಕಾರನ ಕಡೆ ಹೊಕ್ಕಾನ್ರೀ. ಇಂವಾ ಎಲ್ಲಿ ಹೊಕ್ಕಾನ?”