ಚೌಕ ತೂತಿನ ಚೀನೀ ನಾಣ್ಯ: ಬಳಕೆದಾರರ ಕೈಪಿಡಿ

ಮುನ್ನೆಚ್ಚರಿಕೆ: ನಿಮ್ಮ ಬಳಿ ಇರುವುದು ಮೂರು ನಾಣ್ಯ, ಕೆಂಪು ದಾರದಲ್ಲಿ ಪೋಣಿಸಿದ್ದು, ಫೆಂಗ್‌ಶುಯಿ ಅಂಗಡಿಯಿಂದ ತಂದದ್ದು ಎಂದಾದರೆ ಕೈಪಿಡಿ ಇಲ್ಲಿಗೇ ಮುಚ್ಚಬಹುದು. ಕಾಲನಿರ್ಣಯಕ್ಕೆ ಅಂಗಡಿಯ ಬಿಲ್ಲು ಸಾಕು.

ಉಳಿದವರು ಮೊದಲು ಹುಣಸೆಹಣ್ಣನ್ನು ಅಡುಗೆಮನೆಯಲ್ಲೇ ಇಟ್ಟು ಬನ್ನಿ. ಕಿಲುಬನ್ನು ಉಜ್ಜಿ ಫಳಫಳ ಮಾಡಿದ ನಾಣ್ಯ ದೇವರ ಮನೆಗೆ ಚೆಂದ, ಪರೀಕ್ಷೆಗೆ ಅಲ್ಲ.

ಈಗ ಅಂಚು ನೋಡಿ. ಇವು ಎರಕದ ನಾಣ್ಯಗಳು. ಅಚ್ಚಿನಿಂದ ಕೊಂಬೆಗೆ ಅಂಟಿದ ಎಲೆಗಳ ಹಾಗೆ ಹೊರಬರುತ್ತಿದ್ದವು. ಮುರಿದು ಬಿಡಿಸಿ, ಚೌಕ ಸರಳಿಗೆ ಸಾಲಾಗಿ ಪೋಣಿಸಿ, ಒಟ್ಟಿಗೇ ಅರ ಉಜ್ಜುತ್ತಿದ್ದರು. ಗುಂಡು ತೂತಾಗಿದ್ದರೆ ಗಿರ್ರನೆ ತಿರುಗುತ್ತಿದ್ದವಲ್ಲ! ಆ ಅರದ ಗೀರು ಕಂಡರೆ ಮುಂದುವರಿಯಿರಿ. ಯಂತ್ರದಲ್ಲಿ ಒತ್ತಿದ್ದಾದರೆ ಹೆಚ್ಚು ಹಿಂದಕ್ಕೆ ಹೋಗಬೇಡಿ. ಗುವಾಂಗ್‌ಡಾಂಗ್ ಟಂಕಸಾಲೆಗೆ ಯಂತ್ರ ಬಂದದ್ದೇ 1889ರಲ್ಲಿ.

ಅಕ್ಷರ ಎಣಿಸಿ. ಎರಡೇ ಇದ್ದು, ಅವು ‘ವೂ ಝೂ’ ಆಗಿದ್ದರೆ ಕುರ್ಚಿ ಎಳೆದುಕೊಂಡು ಕೂರಿ. ಕ್ರಿ.ಪೂ. 118ರಲ್ಲಿ ಹಾನ್ ಚಕ್ರವರ್ತಿ ವೂ ಶುರು ಮಾಡಿದ ಈ ನಾಣ್ಯ ಕ್ರಿ.ಶ. 621ರವರೆಗೆ ನಡೆಯಿತು. ರಾಜವಂಶಗಳು ಬಂದು ಹೋದವು, ಅಕ್ಷರ ಎರಡೂ ಹಾಗೇ ಉಳಿದವು.

ನಾಲ್ಕು ಅಕ್ಷರವಿದ್ದರೆ ಸಮಾಧಾನಪಡಬಹುದು, ಸ್ವಲ್ಪ ಹೊತ್ತು. ‘ಕೈಯುವಾನ್ ತೊಂಗ್‌ಬಾವೊ’ 621ರಲ್ಲಿ ಹೊರಟ ತಾಂಗ್ ನಾಣ್ಯ. 713ರಲ್ಲಿ ‘ಕೈಯುವಾನ್’ ಎಂಬ ಹೆಸರಿನದೇ ಆಳ್ವಿಕೆಯ ಶಕೆಯೊಂದು ಹುಟ್ಟಿಕೊಂಡಿತು. ಅರ್ಧ ಓದಿದವರು ಎಡವಲೆಂದೇ ಇಟ್ಟ ಕಲ್ಲು ಅದು. ಏನೂ ಓದದವರು ಆರಾಮವಾಗಿ ದಾಟಿ ಹೋಗುತ್ತಾರೆ.

ಸೊಂಗ್ ಕಾಲದವರು ಚಕ್ರವರ್ತಿಯ ಶಕೆ ಬದಲಾದಾಗಲೆಲ್ಲ ನಾಣ್ಯದ ಹೆಸರನ್ನೂ ಬದಲಿಸಿದರು. 1180ರಿಂದಂತೂ ವರ್ಷದ ಸಂಖ್ಯೆಯನ್ನೇ ಬೆನ್ನ ಮೇಲೆ ಹಾಕತೊಡಗಿದರು. ಇಂಥ ಉಪಕಾರ ಪದೇ ಪದೇ ಸಿಗುವುದಿಲ್ಲ, ನಾಣ್ಯ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಆದರೆ ಕೈಗೆ ಸಿಗುವುದು ಬಹುಶಃ ಅದಕ್ಕಿಂತ ಹಿಂದಿನ ‘ಯುವಾನ್‌ಫೆಂಗ್’, ಅಂದರೆ 1078ರಿಂದ 1085. ಆಗ ವರ್ಷಕ್ಕೆ ಸುಮಾರು 50 ಲಕ್ಷ ಸರ ಎರಕ ಹೊಯ್ಯುತ್ತಿದ್ದರು. ಸರಕ್ಕೆ ಲೆಕ್ಕದಲ್ಲಿ ಸಾವಿರ ನಾಣ್ಯ. ಸಾವಿರ ವರ್ಷ ಹಳೆಯದು ಎಂದು ಬ್ಯಾಂಕ್ ಲಾಕರ್ ಬಾಡಿಗೆಗೆ ಹಿಡಿಯುವ ಮುನ್ನ ಈ ಗುಣಾಕಾರ ಮಾಡಿ. ಇನ್ನೊಂದು ಮಾತು: 1659ರಿಂದ 1685ರವರೆಗೆ ಜಪಾನಿನ ನಾಗಸಾಕಿಯಲ್ಲಿ ಪರದೇಶದ ವ್ಯಾಪಾರಕ್ಕೆಂದು ಇದೇ ಹೆಸರಿನ ನಾಣ್ಯ ಎರೆದರು. ಓದುವುದನ್ನು ಕಲಿತು ಮುಗಿಸಿದ ನೀವು ಈಗ ಓದಿದ್ದನ್ನು ನಂಬದಿರುವುದನ್ನು ಕಲಿಯಬೇಕು: ಅಕ್ಷರದ ವರಸೆ, ಅಂಚಿನ ಅಗಲ, ಲೋಹದ ಬಣ್ಣ.

ಬಣ್ಣ ಹಳದಿಯಾಗಿದ್ದರೆ, ಅಂದರೆ ಕಂಚಲ್ಲದೆ ಹಿತ್ತಾಳೆಯಾಗಿದ್ದರೆ, ಸಾಮಾನ್ಯವಾಗಿ 16ನೇ ಶತಮಾನದಿಂದ ಈಚಿನದು. ಬೆನ್ನ ಮೇಲೆ ಮಂಚು ಲಿಪಿ ಇದ್ದರೆ ಚಿಂಗ್ ವಂಶದ್ದು.

ದೋಷ ನಿವಾರಣೆ: ನಾಣ್ಯಕ್ಕೆ ಚಾಕುವಿನ ಬಾಲವಿದ್ದು, ಎರಡು ಅಕ್ಷರ ಚಿನ್ನದಲ್ಲಿ ತುಂಬಿದ್ದರೆ ಅದು ಹಾನ್ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದ ವಾಂಗ್ ಮಾಂಗ್ ಕ್ರಿ.ಶ. 7ರಲ್ಲಿ ಹೊರಡಿಸಿದ್ದು. ಒಂದು ಕೊಟ್ಟರೆ ಐದು ಸಾವಿರ ವೂ ಝೂ ಎಂದು ಆತ ಹೇಳಿದ. ಜನ ಒಪ್ಪಲಿಲ್ಲ, ಎರಡೇ ವರ್ಷದಲ್ಲಿ ವಾಪಸು ಪಡೆದ. ಅದನ್ನೇ ನಿಮಗೆ ಯಾರಾದರೂ ಇನ್ನೂರು ರೂಪಾಯಿಗೆ ಕೊಡುತ್ತೇನೆಂದರೆ, ನೂರೈವತ್ತಕ್ಕೆ ಕೇಳಬೇಡಿ. ಒಪ್ಪಿಬಿಟ್ಟಾರು.