ಎರಡಡಿ ರೇಡಿಯೋ, ಮಿಕ್ಕಿದ್ದು ಇಂಟರ್ನೆಟ್ಟು
(ಹಾಟ್‌ಸ್ಪಾಟ್ ಪೆಟ್ಟಿಗೆಯೊಂದರ ಜೊತೆ ಕಾಲ್ಪನಿಕ ಸಂದರ್ಶನ)

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ ಮೇಜಿನ ಮೇಲೆ ಇತ್ತೀಚಿನ ವರ್ಷಗಳಲ್ಲಿ ಒಂದು ಪುಟ್ಟ ಪೆಟ್ಟಿಗೆ ಬಂದು ಕೂತಿದೆ. ಅಂಗೈಯಲ್ಲಿ ಮುಚ್ಚಿಡಬಹುದು. ನೆತ್ತಿಯಲ್ಲಿ ಕಿರುಬೆರಳುದ್ದದ ಆಂಟೆನಾ, ಎದೆಯಲ್ಲಿ ಮಿನುಗುವ ದೀಪ, ಹೊಟ್ಟೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರು. ಡಿಜಿಟಲ್ ದನಿಗೆ ಕೈಹಾಕುವ ಹೊಸಬರು ಮೊದಲು ಹುಡುಕುವುದು ಇದನ್ನೇ. ಹಳಬರು ಮೊದಲು ಬೈಯುವುದೂ ಇದನ್ನೇ. ಬೆಂಗಳೂರಿನ ಜಯನಗರದ ಫ್ಲಾಟೊಂದರಲ್ಲಿ, ಯಜಮಾನರು ವಾಕಿಂಗ್ ಹೋಗಿದ್ದ ಸಮಯ ನೋಡಿಕೊಂಡು ನಮ್ಮ ಪ್ರತಿನಿಧಿ ಅದನ್ನು ಮಾತಿಗೆಳೆದರು. ಪಕ್ಕದಲ್ಲಿದ್ದ ವಾಕಿಟಾಕಿ ಚಾರ್ಜಿಗೆ ಕೂತಿದ್ದರಿಂದ ಪ್ರತಿಕ್ರಿಯೆಗೆ ಸಿಗಲಿಲ್ಲ.

ನಮಸ್ಕಾರ. ಓದುಗರಿಗೆ ತಮ್ಮ ಪರಿಚಯ ಮಾಡಿಕೊಡಿ.

ಹಾಟ್‌ಸ್ಪಾಟ್ ಅಂತಾರೆ. ದಾಖಲೆಯಲ್ಲಿರೋ ಹೆಸರು ಎಂಎಂಡಿವಿಎಂ. ಹಲವು ಬಗೆಯ ಡಿಜಿಟಲ್ ದನಿಗಳಿಗೆ ಒಂದೇ ಮೋಡೆಮ್ ನಾನು. ಯಜಮಾನರು ಈ ಕುರ್ಚಿಯಲ್ಲಿ ಕೂತು ವಾಕಿಟಾಕಿ ಗುಂಡಿ ಒತ್ತಿ ಮಾತಾಡ್ತಾರೆ. ನಾನು ಹಿಡಿದು ವೈಫೈಗೆ ದಾಟಿಸ್ತೀನಿ. ಅಲ್ಲಿಂದ ಬ್ರ್ಯಾಂಡ್‌ಮೈಸ್ಟರ್ ಅನ್ನೋ ಜಾಲದ ಸರ್ವರು, ಅಲ್ಲಿಂದ ನ್ಯೂಜಿಲೆಂಡು, ಕೆನಡಾ, ಎಲ್ಲಿಗೆ ಬೇಕಾದರೂ. ಈ ಮೇಜು ಬಿಟ್ಟು ಕದಲದೆ ಪ್ರಪಂಚ ಸುತ್ತಿದವನು ಸ್ವಾಮಿ ನಾನು.

ತಮ್ಮ ಪ್ರಸಾರ ಶಕ್ತಿ ಎಷ್ಟು?

ಸುಮಾರು ಹತ್ತು ಮಿಲಿವ್ಯಾಟ್.

ಸರಿಯಾಗಿ ಕೇಳಿಸಲಿಲ್ಲ.

ಹತ್ತು ಮಿಲಿವ್ಯಾಟ್ ರೀ. ಒಂದು ವ್ಯಾಟಿನಲ್ಲಿ ನೂರನೇ ಒಂದು ಪಾಲು. ಯಜಮಾನರ ವಾಕಿಟಾಕಿ 5 ವ್ಯಾಟಿನದು, ನನಗಿಂತ ಐನೂರು ಪಟ್ಟು. ಇಬ್ಬರ ನಡುವೆ ಇರೋದು ಎರಡಡಿ. ಎರಡಡಿಗೆ ಐದು ವ್ಯಾಟ್ ಯಾಕೆ, ಲೋ ಪವರ್‌ಗೆ ಇಳಿಸಿ ಅಂತ ಯಾರೂ ಅವರಿಗೆ ಹೇಳಿಲ್ಲ. ಎದುರಿಗೆ ಕೂತವನ ಕಿವಿಗೆ ಬಾಯಿಟ್ಟು ಕಿರುಚಿದರೆ ಅವನಿಗೆ ಮಾತು ಚೆನ್ನಾಗಿ ಕೇಳಿಸುತ್ತಾ ನೀವೇ ಹೇಳಿ.

ಹಾಗಾದರೆ ರೇಡಿಯೋ ಅಲೆ ಹೋಗುವುದು ಎರಡಡಿ, ಮಿಕ್ಕ ಹಾದಿಯೆಲ್ಲ ಇಂಟರ್ನೆಟ್. ಇದನ್ನು ರೇಡಿಯೋ ಅನ್ನಬಹುದೇ?

ಯಜಮಾನರ ಸ್ನೇಹಿತರೊಬ್ಬರಿದ್ದಾರೆ. ಬಂದಾಗಲೆಲ್ಲ ಕಾಫಿ ಕುಡಿದು ಇದೊಂದು ಪ್ರಶ್ನೆ ಕೇಳಿಯೇ ಎದ್ದು ಹೋಗೋದು. ಅವರು 20 ಮೀಟರ್ ಬ್ಯಾಂಡಿನಲ್ಲಿ ಮೋರ್ಸ್ ಕುಟ್ಟುವವರು. ಅಯಾನುಗೋಳಕ್ಕೆ ಬಡಿದು ಬಂದರೆ ರೇಡಿಯೋ, ರೂಟರಿಗೆ ಬಡಿದು ಬಂದರೆ ಟೆಲಿಫೋನು ಅನ್ನೋದು ಅವರ ವಾದ. ಸುಳ್ಳು ಅನ್ನಲಾರೆ. ಆದರೆ ಅವರದು ಸ್ವಂತ ಮನೆ, ತಾರಸಿ ಮೇಲೆ ಮೂವತ್ತಡಿ ಕಂಬ. ನಮ್ಮವರದು ಮೂರನೇ ಮಹಡಿ. ಆಂಟೆನಾ ಅಂದ ತಕ್ಷಣ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಎದೆ ಹಿಡಿದುಕೊಳ್ಳುತ್ತೆ. ಕಂಬ ನೆಡೋಕೆ ಜಾಗ ಇಲ್ಲದವರಿಗೆ ನಾನೇ ಗತಿ.

ಡಿಜಿಟಲ್ ರೇಡಿಯೋ ಇರುವವರೆಲ್ಲ ಒಬ್ಬರೊಬ್ಬರ ಜೊತೆ ಮಾತಾಡಬಹುದಲ್ಲವೇ?

(ದೀಪ ಎರಡು ಸಲ ಮಿನುಗಿತು. ನಕ್ಕಿದ್ದೆಂದು ಆಮೇಲೆ ತಿಳಿಯಿತು.) ಮುಖ್ಯವಾಗಿ ಮೂರು ಪಂಗಡ. ಮೊದಲನೆಯದು ಡಿ-ಸ್ಟಾರ್. ಜಪಾನಿನ ಹ್ಯಾಮ್‌ಗಳ ಸಂಸ್ಥೆ ಜೆಎಆರ್‌ಎಲ್ ಹ್ಯಾಮ್‌ಗಳಿಗಾಗಿಯೇ ಕಟ್ಟಿಸಿದ್ದು. ಐಕಾಮ್ ಕಂಪನಿಯ ರೇಡಿಯೋಗಳಲ್ಲಿ ಮನೆ ಮಾಡಿಕೊಂಡಿದೆ. ಎರಡನೆಯದು ಡಿಎಂಆರ್. ಯುರೋಪಿನ ಮಾನಕ ಸಂಸ್ಥೆ ಇಟಿಎಸ್ಐ 2005ರಲ್ಲಿ ಹೊರಡಿಸಿದ್ದು, ಕಾರ್ಖಾನೆ, ಹೋಟೆಲು, ಸೆಕ್ಯುರಿಟಿಯವರಿಗಾಗಿ. ಅದನ್ನು ಹ್ಯಾಮ್‌ಗಳು ಎಳೆದು ತಂದು ತಮ್ಮ ಜಗಲಿಗೆ ಕಟ್ಟಿಕೊಂಡರು. ಮೂರನೆಯದು ಯಾಯೆಸು ಕಂಪನಿಯ ಸಿ4ಎಫ್ಎಂ, 2013ರ ಹೊತ್ತಿಗೆ ಬಂದದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದೇ ಕ್ಲಬ್ಬಿನ ಮೂವರು, ಮೂರು ಕಂಪನಿಯ ರೇಡಿಯೋ ಹಿಡಿದು ಒಂದೇ ಬೆಂಚಲ್ಲಿ ಕೂತರೂ ಡಿಜಿಟಲ್‌ನಲ್ಲಿ ಒಬ್ಬರದು ಒಬ್ಬರಿಗೆ ಅರ್ಥವಾಗಲ್ಲ. ಕೊನೆಗೆ ಮೂವರೂ ಹಳೇ ಎಫ್.ಎಂ.ಗೆ ತಿರುಗಿಸಿಕೊಂಡು, ‘ಡಿಜಿಟಲ್ ತುಂಬ ಚೆನ್ನಾಗಿದೆ’ ಅಂತ ಹೇಳಿಕೊಳ್ತಾರೆ.

ಹೊಸಬರು ಯಾವ ಪಂಗಡ ಸೇರಬೇಕು?

ಸ್ನೇಹಿತರು ಇರುವ ಪಂಗಡ. ಯಾರೂ ಇಲ್ಲದಿದ್ದರೆ ಜೇಬು ಒಪ್ಪಿದ್ದು. ಸಾಮಾನ್ಯವಾಗಿ ಅದು ಡಿಎಂಆರ್. ಅದರ ಜಾಣತನ ಮೆಚ್ಚಬೇಕು. 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡಿನ ಸರದಿ ಹಾಕಿ ಇಬ್ಬರಿಗೆ ಹಂಚುತ್ತೆ. ದನಿ ಹಿಡಿದು ಮತ್ತೆ ಪ್ರಸಾರ ಮಾಡೋ ರಿಪೀಟರ್ ಒಂದೇ, ಅದರ ಮೇಲೆ ಎರಡು ಮಾತುಕತೆ, ಒಂದಕ್ಕೊಂದು ತಾಕದ ಹಾಗೆ.

ಅಂಗಡಿಯಿಂದ ತಂದು ಗುಂಡಿ ಒತ್ತಿದರೆ ಆಯಿತೇ?

ಅಂಗಡಿಗೆ ಆಮೇಲೆ ಹೋಗಿ, ಮೊದಲು ಪರವಾನಗಿ. ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯೂಪಿಸಿ ನಡೆಸೋ ಪರೀಕ್ಷೆ ಇದೆ. ಹನ್ನೆರಡು ವರ್ಷ ತುಂಬಿದ ಹುಡುಗರೂ ಕೂರಬಹುದು. ಪಾಸಾದರೆ ವಿಯು2 ಅಥವಾ ವಿಯು3 ಅಂತ ಶುರುವಾಗೋ ಕಾಲ್‌ಸೈನ್. ಅದಾದ ಮೇಲೆ ಆ ಕಾಗದ ತೋರಿಸಿ ಡಿಎಂಆರ್ ಐಡಿ ಪಡೀಬೇಕು. ಏಳು ಅಂಕಿ, ಭಾರತದವರದು 404ರಿಂದ ಶುರು.

ಇಂಟರ್ನೆಟ್‌ನಲ್ಲಿ 404 ಅಂದರೆ ‘ಹುಡುಕಿದ್ದು ಸಿಗಲಿಲ್ಲ’ ಎಂದಲ್ಲವೇ?

ನಾವೇನು ಮಾಡೋಣ, ಮೊಬೈಲ್ ಜಾಲಕ್ಕೆ ದೇಶಕ್ಕಿಷ್ಟು ಅಂತ ಹಂಚಿದ ಸಂಖ್ಯೆ ಅದು. ಬೆಂಗಳೂರಿನಿಂದ ಮೊದಲ ಸಲ ಕರೆದು ಉತ್ತರ ಬರದೆ ಕೂತವರಿಗೆ ಮಾತ್ರ ಈ ಸಂಖ್ಯೆಯ ಮರ್ಮ ಗೊತ್ತು. ನನ್ನಂಥವರಿಗೆ ಆ ಏಳರ ಹಿಂದೆ ಇನ್ನೆರಡು ಅಂಕಿ ಸೇರಿಸ್ತಾರೆ. ಯಜಮಾನರಿಗಿಂತ ನನ್ನ ನಂಬರೇ ಉದ್ದ.

ಐಡಿ ಬಂತು. ಈಗಲಾದರೂ ಮಾತಾಡಬಹುದೇ?

ಕೋಡ್‌ಪ್ಲಗ್ ಯಾರಪ್ಪ ಬರೀತಾರೆ? ರೇಡಿಯೋಗೆ ಏನೂ ತಾನಾಗಿ ಗೊತ್ತಿರಲ್ಲ. ಯಾವ ಕಂಪನಾಂಕ, 0ಯಿಂದ 15ರವರೆಗಿನ ಕಲರ್ ಕೋಡಿನಲ್ಲಿ ಯಾವುದು, ಎರಡು ಸರದಿಯಲ್ಲಿ, ಅಂದರೆ ಸ್ಲಾಟಿನಲ್ಲಿ, ಎಷ್ಟನೆಯದು, ಯಾವ ಮಾತಿನ ಗುಂಪು, ಅಂದರೆ ಟಾಕ್‌ಗ್ರೂಪು, ಅದು ಯಾವ ಝೋನಿಗೆ ಸೇರಿದ್ದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿ ಕೇಬಲ್ ಹಾಕಿ ಇಳಿಸಬೇಕು. ಆ ಕಡತವೇ ಕೋಡ್‌ಪ್ಲಗ್. ಒಂದು ಅಂಕಿ ತಪ್ಪಿದರೆ ರೇಡಿಯೋ ಮೂಗ. ತಪ್ಪಿದೆ ಅಂತಲೂ ಬಾಯಿ ಬಿಡಲ್ಲ.

ಹೀಗಾಗಿ ಹೊಸಬರಲ್ಲಿ ಒಂದು ಸಂಪ್ರದಾಯ ಬೆಳೆದಿದೆ. ‘ಸಾರ್, ಕೋಡ್‌ಪ್ಲಗ್ ಇದ್ರೆ ಕಳಿಸಿ’ ಅಂತ ವಾಟ್ಸಾಪ್ ಮಾಡೋದು. ಅವರು ಕಳಿಸ್ತಾರೆ, ಇವರು ಹಾಗೇ ತುಂಬಿಸ್ತಾರೆ. ಒಳಗಿನ ಐಡಿ ಬದಲಿಸೋದು ಮರೆತಿರ್ತಾರೆ. ಮಾತಾಡೋರು ಜಯನಗರದವರು, ಪರದೆ ಮೇಲೆ ಮೂಡೋದು ಮೈಸೂರಿನವರ ಹೆಸರು. ಮೈಸೂರಿನವರು ಆಗ ನಿದ್ದೆಯಲ್ಲಿದ್ದಾರೆ ಪಾಪ.

ನೀವು ಕೂರುವ ಕಂಪನಾಂಕವನ್ನು ಯಾರು ನಿಗದಿ ಮಾಡುತ್ತಾರೆ?

ನಮ್ಮ ದೇಶದಲ್ಲಿ ನಾನು ಕೂರೋ ಬ್ಯಾಂಡು 434ರಿಂದ 438 ಮೆಗಾಹರ್ಟ್ಸ್. ಹೊರದೇಶದ ವಿಡಿಯೋ ನೋಡಿ ಅವರ ಸಂಖ್ಯೆಯನ್ನೇ ನನಗೆ ತುಂಬಿದರೆ ನಾನು ಪರವಾನಗಿಯ ಗಡಿಯಾಚೆ ಕೂತಿರ್ತೀನಿ. ಒಳಗೇ ಇದ್ದರೂ 435ರಿಂದ 438 ಹ್ಯಾಮ್ ಉಪಗ್ರಹಗಳಿಗೆ ಮೀಸಲಿಟ್ಟುಕೊಂಡ ಜಾಗ. ನೂರಾರು ಕಿಲೋಮೀಟರ್ ಮೇಲಿಂದ ಕ್ಷೀಣವಾಗಿ ಕೇಳೋ ದನಿಯನ್ನು ಪಕ್ಕದ ಬೀದಿಯಲ್ಲಿ ಯಾರೋ ಕಿವಿಗೊಟ್ಟು ಹಿಡೀತಾ ಇರಬಹುದು. ಅಲ್ಲಿ ನಾನು ಕೂತು ಗದ್ದಲ ಮಾಡಬಾರದು. ಮಿಕ್ಕಿದ್ದು 434ರಿಂದ 435. ನನಗೆ ಅಷ್ಟು ಸಾಕು. ಅದರಲ್ಲೂ ಕೆಲವು ನೂರು ಹರ್ಟ್ಸ್ ಆಚೀಚೆ ಸರಿಪಡಿಸಬೇಕು, ಇಲ್ಲದಿದ್ದರೆ ಬಿಟ್ ದೋಷ ಏರಿ ದನಿ ಚಿಂದಿಯಾಗುತ್ತೆ. ಬ್ರೌಸರಿನಲ್ಲಿ ನನ್ನ ಪುಟ ತೆರೆದರೆ ಆ ದೋಷದ ಶೇಕಡಾವಾರು ಕಾಣುತ್ತೆ. ಯಜಮಾನರು ಅದನ್ನು ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ನೋಡಿದಷ್ಟೂ ಶ್ರದ್ಧೆಯಿಂದ ನೋಡಲ್ಲ. ಅದನ್ನೂ ಅವರು ನೋಡಲ್ಲ.

ಕೊನೆಗೂ ಮಾತಾಡಿದರಲ್ಲ. ಮೊದಲ ಮಾತುಕತೆ ಯಾರ ಜೊತೆ?

ಗಿಳಿಯ ಜೊತೆ. 9990 ಅಂತ ಒಂದು ನಂಬರಿದೆ, ನೀವು ಹೇಳಿದ್ದನ್ನೇ ನಿಮಗೆ ತಿರುಗಿಸಿ ಕೇಳಿಸುತ್ತೆ. ಪರೀಕ್ಷೆಗಿರೋದು. ಯಜಮಾನರು ಅದರ ಜೊತೆ ಬಹಳ ದಿನ ಸಂತೋಷವಾಗಿದ್ದರು. ಅವರ ಮಾತನ್ನು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡವರು ಈ ಮನೆಗೆ ಸಂಬಂಧಪಟ್ಟಂತೆ ಅದೊಬ್ಬರೇ.

ಆಮೇಲೆ ಧೈರ್ಯ ಬಂದು ನೇರ ವಿಶ್ವ ಟಾಕ್‌ಗ್ರೂಪು 91ಕ್ಕೇ ಹೋದರು. ಅಲ್ಲಿ ಒಬ್ಬರು ಗುಂಡಿ ಒತ್ತಿದರೆ ದೇಶದೇಶಗಳ ರಿಪೀಟರುಗಳು ಒಟ್ಟಿಗೆ ಎದ್ದು ಕೂರ್ತವೆ. ಕರೆದು, ಯಾರಾದರೂ ಸಿಕ್ಕರೆ ಬೇರೆ ಗ್ರೂಪಿಗೆ ಸರಿದು ಹರಟೆ ಹೊಡೆಯೋದು ಮರ್ಯಾದೆ. ಒಬ್ಬರ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಒತ್ತಬೇಕು, ಬೇರೆಯವರೂ ಒಳಗೆ ಬರಬೇಕಲ್ಲ. ಇವರು ಮೊಣಕಾಲು ನೋವಿನ ಔಷಧಿಯನ್ನು ಐದು ಖಂಡಗಳಿಗೆ ವಿವರಿಸಿದರು. ಸ್ಪೇನಿನವರೊಬ್ಬರು ‘ಫೈವ್ ನೈನ್’ ಅಂತ ಸಿಗ್ನಲ್ ಹೊಗಳಿದರು. ಆ ಸ್ಪೇನಿನವರಿಗೆ ಕೇಳಿದ ಸಿಗ್ನಲ್ಲು ಅವರ ಮೇಜಿನ ಮೇಲೇ ಇದ್ದ ನನ್ನ ಬಂಧುವಿನದು. ಇವರು ಮಾತ್ರ ಮೀಸೆ ತಿರುವಿದರು.

ದನಿಯಾದರೂ ಯಜಮಾನರದ್ದೇ ಹೋಗುತ್ತದಲ್ಲ?

ಅದೂ ಪೂರ್ತಿ ನಿಜವಲ್ಲ. ವಾಕಿಟಾಕಿಯೊಳಗೆ ಎಎಂಬಿಇ ಅನ್ನೋ ವೋಕೋಡರ್ ಇದೆ. ಅದು 20 ಮಿಲಿಸೆಕೆಂಡಿಗೊಂದು ಸಲ ನಿಮ್ಮ ದನಿಯನ್ನು ನೋಡಿ, ಶ್ರುತಿ ಇಷ್ಟು, ಇಲ್ಲಿ ಕಂಠ, ಇಲ್ಲಿ ಬರೀ ಉಸಿರು, ಈ ಕಂಪನಾಂಕದಲ್ಲಿ ಇಷ್ಟು ಬಲ ಅಂತ ಒಂದು ಚೀಟಿ ಬರೆಯುತ್ತೆ. ಹೋಗೋದು ಚೀಟಿ. ಆ ತುದಿಯಲ್ಲಿ ಇನ್ನೊಂದು ವೋಕೋಡರ್ ಚೀಟಿ ಓದಿ ಹೊಸ ದನಿ ಕಟ್ಟುತ್ತೆ. ಡಿಜಿಟಲ್ ದೂರವಾಣಿಯ ಸಾಮಾನ್ಯ ಲೆಕ್ಕ ಸೆಕೆಂಡಿಗೆ 64,000 ಬಿಟ್. ಡಿಎಂಆರ್‌ನಲ್ಲಿ ದನಿಯ ಪಾಲು 2,450. ದಾರಿಯಲ್ಲಿ ಆಗೋ ತಪ್ಪು ತಿದ್ದೋಕೆ ಇನ್ನೂ 1,150. ಅಷ್ಟು ಬಡತನದಲ್ಲಿ ಸಂಸಾರ ನಡೆಸಬೇಕಾದ್ದರಿಂದ ಅದಕ್ಕೆ ಮನುಷ್ಯನ ಮಾತು ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಹಿಂದೆ ಕುಕ್ಕರ್ ಕೂಗಿದರೆ ಅದನ್ನೂ ಯಾರೋ ಮಾತಾಡಿದರು ಅಂತಲೇ ಬರೆದುಕೊಳ್ಳುತ್ತೆ.

ಆ ಚೀಟಿಯನ್ನು ತಾವು ಓದಿದ್ದೀರಾ?

(ಸ್ವಲ್ಪ ಹೊತ್ತು ಬಿಟ್ಟು) ಇಲ್ಲ. ನನ್ನೊಳಗೆ ವೋಕೋಡರ್ ಇಲ್ಲ. ಬಂದ ಬಿಟ್ಟುಗಳನ್ನು ಹಾಗೇ ದಾಟಿಸೋದಷ್ಟೇ ನನ್ನ ಕೆಲಸ. ಗಿಳಿ, ಮೊಣಕಾಲು, ಸ್ಪೇನು, ಎಲ್ಲ ಆಮೇಲೆ ವಾಕಿಟಾಕಿ ಹೇಳಿ ತಿಳಿದದ್ದು. ಪ್ರಪಂಚ ಸುತ್ತಿದೆ ಅಂತ ಮೊದಲು ಹೇಳಿದೆನಲ್ಲ, ಅದನ್ನು ಸ್ವಲ್ಪ ತಿದ್ದಿ ಹಾಕಿಕೊಳ್ಳಿ.

ವೋಕೋಡರ್ ಒಳಗೆ ಏನಿದೆ ಎಂದು ಯಜಮಾನರು ಬಿಚ್ಚಿ ನೋಡಬಹುದೇ?

ನೋಯೋ ಜಾಗಕ್ಕೇ ಕೈಯಿಟ್ಟಿರಿ. ಎಎಂಬಿಇ ಅಮೆರಿಕದ ಡಿವಿಎಸ್ಐ ಕಂಪನಿಯ ಸ್ವತ್ತು. ಮೇಲೆ ಹೇಳಿದ ಮೂರೂ ಪಂಗಡಗಳು ತಮ್ಮತಮ್ಮಲ್ಲಿ ಎಷ್ಟೇ ಕಿತ್ತಾಡಲಿ, ದನಿಯ ವಿಷಯಕ್ಕೆ ಬಂದರೆ ಎಲ್ಲರೂ ಆ ಒಂದೇ ಮನೆತನದ ಗಿರಾಕಿಗಳು. ಹ್ಯಾಮ್‌ಗಳು ಗುಪ್ತಭಾಷೆಯಲ್ಲಿ ಮಾತಾಡೋ ಹಾಗಿಲ್ಲ. ಡಿಎಂಆರ್ ರೇಡಿಯೋದಲ್ಲಿ ಎನ್‌ಕ್ರಿಪ್ಷನ್ ಅಂತ ಆಯ್ಕೆ ಕಂಡರೂ ಮುಟ್ಟಬಾರದು. ಮಾತು ಬಯಲಲ್ಲಿ ಇರಬೇಕು ಅನ್ನೋ ಹವ್ಯಾಸದಲ್ಲಿ ಮಾತು ಕಟ್ಟೋ ಯಂತ್ರಕ್ಕೆ ಬೀಗ ಬಿದ್ದಿದೆ. ಬಿಚ್ಚಿ ನೋಡಿ ಕಲೀಲಿ ಅಂತಲೇ ಸರ್ಕಾರ ಹ್ಯಾಮ್‌ಗಳಿಗೆ ಪರವಾನಗಿ ಕೊಡೋದು. ಅವರು ಬೀಗ ಹಾಕಿದ ಪೆಟ್ಟಿಗೆ ಕೊಂಡು, ಪೆಟ್ಟಿಗೆಯ ಬಣ್ಣದ ಬಗ್ಗೆ ಜಗಳ ಆಡ್ತಾರೆ.

ಬೀಗವಿಲ್ಲದ್ದು ಯಾವುದೂ ಇಲ್ಲವೇ?

ಇದೆ. ಆಸ್ಟ್ರೇಲಿಯಾದ ಡೇವಿಡ್ ರೋ ಅನ್ನೋ ಹ್ಯಾಮ್ ಕೋಡೆಕ್ 2 ಅಂತ ವೋಕೋಡರ್ ಬರೆದು, ಯಾರು ಬೇಕಾದರೂ ಓದಿ, ತಿದ್ದಿ ಅಂತ ಬಯಲಿಗಿಟ್ಟರು. ಶಾರ್ಟ್‌ವೇವ್‌ನಲ್ಲಿ ಮಾತಾಡೋ ಫ್ರೀಡಿವಿ ಅದರ ಮೇಲೆ ಬೆಳೆದದ್ದು. 2019ರಲ್ಲಿ ಪೋಲೆಂಡಿನಲ್ಲಿ ವೊಯ್ಚೆಕ್ ಕಚ್ಮಾರ್ಸ್ಕಿ ಎಂ17 ಅನ್ನೋ ಡಿಜಿಟಲ್ ದನಿ ಪದ್ಧತಿ ಶುರು ಮಾಡಿದರು. ವಾರ್ಸಾದಲ್ಲಿ ಅವರ ಕ್ಲಬ್ ಇದ್ದ ಬೀದಿಯ ವಿಳಾಸ ಮೊಕೊಟೊವ್ಸ್ಕಾ 17, ಅದೇ ಹೆಸರು. ಅದರ ದನಿಯೂ ಕೋಡೆಕ್ 2. ನಿಯಮದಿಂದ ಹಿಡಿದು ದನಿಯವರೆಗೆ ಎಲ್ಲವೂ ತೆರೆದಿದೆ. ತೆರೆದಿರೋದರಿಂದಲೇ ಜನ ಕಮ್ಮಿ; ಅಲ್ಲಿ ಗುಂಡಿ ಒತ್ತೋದಕ್ಕೆ ಮೊದಲು ಓದಬೇಕಾಗುತ್ತೆ.

ಪ್ರವಾಹ, ಭೂಕಂಪದ ಸಮಯಕ್ಕೆ ತಾವು ಒದಗುತ್ತೀರಾ?

2004ರ ಡಿಸೆಂಬರಿನ ಸುನಾಮಿ ಹೊತ್ತಲ್ಲಿ ಅಂಡಮಾನಿನಲ್ಲಿ ಹ್ಯಾಮ್‌ಗಳ ತಂಡ ಇತ್ತು. ಮಿಕ್ಕ ಸಂಪರ್ಕ ಕಡಿದುಹೋದಾಗ ಅವರು ಶಾರ್ಟ್‌ವೇವ್‌ನಲ್ಲಿ ಸುದ್ದಿ ಮುಟ್ಟಿಸಿದರು. ಆ ಜಾಗದಲ್ಲಿ ನಾನಿದ್ದಿದ್ದರೆ? ಕರೆಂಟು ಹೋಯಿತು, ವೈಫೈ ಹೋಯಿತು, ನಾನು ಪೇಪರ್‌ವೇಟು. ಮಳೆ ನಾಲ್ಕು ಹನಿ ಬಿದ್ದರೆ ಈ ಬಡಾವಣೆಯಲ್ಲಿ ಇಂಟರ್ನೆಟ್ ಹೋಗುತ್ತೆ, ನನ್ನ ಶೌರ್ಯ ಅಷ್ಟಕ್ಕೇ ನಿಂತಿದೆ. ಆದರೆ ಡಿಜಿಟಲ್‌ಗೆ ಬೈಬೇಡಿ, ನನಗೆ ಬೈಯಿರಿ. ಎರಡು ಡಿಎಂಆರ್ ವಾಕಿಟಾಕಿಗಳು ನಾನಿಲ್ಲದೆ, ಇಂಟರ್ನೆಟ್ ಇಲ್ಲದೆ ನೇರವಾಗಿ ಮಾತಾಡಬಲ್ಲವು. ಗುಡ್ಡದ ಮೇಲೊಂದು ರಿಪೀಟರ್ ಇದ್ದರೆ ಊರಿಗೆ ಊರೇ ಮಾತಾಡಬಹುದು. ಎಫ್.ಎಂ.ನ ಹಾಗೆ ದೂರ ಹೋದಂತೆ ಗೊರಗೊರ ಅನ್ನದೆ ಕೊನೇವರೆಗೂ ಸ್ವಚ್ಛವಾಗಿದ್ದು, ಗಡಿಯಲ್ಲಿ ದಿಢೀರ್ ಅಂತ ಕಡಿಯುತ್ತೆ. ಆ ಗಡಿ ಎಲ್ಲಿದೆ ಅಂತ ಮೊದಲೇ ನಡೆದು ನೋಡಿಟ್ಟುಕೊಂಡವನು ಹ್ಯಾಮ್.

ನಿಮ್ಮ ಯಜಮಾನರು ನೋಡಿಟ್ಟುಕೊಂಡಿದ್ದಾರೆಯೇ?

ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ನಮ್ಮವರು ಅದೇ. ನ್ಯೂಜಿಲೆಂಡಿನ ಹವಾಮಾನ ಬಾಯಿಪಾಠ. ನಾಲ್ಕನೇ ಬ್ಲಾಕಿನಲ್ಲಿ ಇನ್ನೊಬ್ಬ ಹ್ಯಾಮ್ ಇದ್ದಾರೆ, ಅವರಿಗೂ ಡಿಎಂಆರ್ ಇದೆ, ಅವರೂ ನ್ಯೂಜಿಲೆಂಡಿನ ಜೊತೆಯೇ ಮಾತಾಡ್ತಾರೆ. ಇಬ್ಬರ ನಡುವೆ ಒಂದು ಕಿಲೋಮೀಟರೂ ಇಲ್ಲ. ಒಬ್ಬರು ಇನ್ನೊಬ್ಬರನ್ನು ನೇರ ಕರೆದಿದ್ದು ನಾನಂತೂ ಕೇಳಿಲ್ಲ.

ಹಾಗಾದರೆ ಹೊಸಬರಿಗೆ ತಮ್ಮ ಸಲಹೆ?

ಕೋಡ್‌ಪ್ಲಗ್ ಸ್ವಂತವಾಗಿ ಬರೀರಿ, ಮೂರೇ ಚಾನೆಲ್ ಇದ್ದರೂ ಪರವಾಗಿಲ್ಲ. ನನ್ನನ್ನು ಕೊಳ್ಳೋಕೆ ಮೊದಲು ಪಕ್ಕದ ಬಡಾವಣೆಯವರನ್ನು ನೇರ ಕರೆದು, ಎಲ್ಲಿ ಕಡಿಯುತ್ತೆ ನೋಡಿ. ಕಡಿದಾಗ ಯಾಕೆ ಅಂತ ಕೇಳಿಕೊಳ್ಳಿ. ನಿಮಗೆ ಪರವಾನಗಿ ಕೊಟ್ಟಿರೋದು ಆ ಪ್ರಶ್ನೆಗೇ. ಬಿಡುವಿದ್ದಾಗ ಎಂ17ರ ನಿಯಮದ ಪುಟ ತೆಗೆದು, ಒಂದು ದನಿ ಹೇಗೆ ಚೀಟಿಯಾಗುತ್ತೆ ಅಂತ ಓದಿ.

ಎಲ್ಲರೂ ಹಾಗೆ ಮಾಡಿದರೆ ತಮ್ಮ ಗತಿ?

ಮಾಡಲಿ ನೋಡೋಣ. ಅಷ್ಟು ಕಲಿತವರು ನನ್ನ ಮುಚ್ಚಳ ತೆಗೀತಾರೆ, ಒಳಗಿರೋ ಕಂಪ್ಯೂಟರಿನಲ್ಲಿ ತಮ್ಮದೇ ಪ್ರೋಗ್ರಾಂ ಬರೀತಾರೆ, ಕೆಡಿಸ್ತಾರೆ, ಮತ್ತೆ ಬರೀತಾರೆ. ಮೇಜಿನ ಮೇಲೆ ಕೂತು ಹತ್ತು ಮಿಲಿವ್ಯಾಟ್ ಉಗುಳೋದಕ್ಕಿಂತ ಅದು ಎಷ್ಟೋ ವಾಸಿ. ಸರಿ, ಯಜಮಾನರು ಬಂದರು, ವಿಶ್ವ ಗ್ರೂಪಿನಲ್ಲಿ ಮೊಣಕಾಲಿನ ಎರಡನೇ ಕಂತು ಬಾಕಿ ಇದೆ. ನೀವು ಹೊರಡಿ. ಹೋಗ್ತಾ ಅವರಿಗೆ ನಾಲ್ಕನೇ ಬ್ಲಾಕಿನವರ ಕಾಲ್‌ಸೈನ್ ಒಂದು ಕೊಟ್ಟು ಹೋಗಿ.